ತಾವಿಯಾನಿ ಸೋದರರು: ಎರಡು ಹೆಸರು, ಒಂದು ಸಹಿ

ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂಬುದು ನಮ್ಮ ಹಿರಿಯರು ಕಂಡುಂಡು ಆಡಿದ ಮಾತು. ಹೊಲದ ಬದು, ಬಾವಿಯ ನೀರು, ಹಿತ್ತಿಲ ತೆಂಗಿನಮರ ಯಾವುದಾದರೊಂದು ನೆಪ ಸಾಕು. ಒಂದೇ ತಟ್ಟೆಯಲ್ಲಿ ಉಂಡವರು ಕೋರ್ಟಿನ ಮೆಟ್ಟಿಲ ಮೇಲೆ ಎದುರುಬದುರಾಗುತ್ತಾರೆ. ಇನ್ನು ಸಿನಿಮಾ ಎಂಬ ಮಾಯಾಲೋಕದ ಮಾತು ಕೇಳಬೇಕೇ? ಅಲ್ಲಿ ಹೆಸರು, ಹಣ, ಅಹಂಕಾರ ಮೂರೂ ಕೂಡಿರುತ್ತವೆ. ಅಂಥ ಕಡೆ ಇಬ್ಬರು ಅಣ್ಣತಮ್ಮಂದಿರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒಟ್ಟಿಗೆ ಚಿತ್ರಕಥೆ ಬರೆದು, ಒಟ್ಟಿಗೆ ನಿರ್ದೇಶಿಸಿ, ಒಂದೇ ಚಿತ್ರಕ್ಕೆ ಜೊತೆಯಾಗಿ ಸಹಿ ಹಾಕಿದರು ಎಂದರೆ ಅಚ್ಚರಿಯಾಗುತ್ತದೆ. ಇಟಲಿಯ ವಿಟ್ಟೋರಿಯೊ ಮತ್ತು ಪಾವ್ಲೊ ತಾವಿಯಾನಿ ಅಂಥ ಅಪರೂಪದ ಜೋಡಿ. ಅಣ್ಣ ವಿಟ್ಟೋರಿಯೊ 2018ರ ಏಪ್ರಿಲ್ 15ರಂದು ತೀರಿಕೊಂಡರು. ತಮ್ಮ ಪಾವ್ಲೊ ಅವರನ್ನು ಹಿಂಬಾಲಿಸಿದ್ದು 2024ರ ಫೆಬ್ರವರಿ 29ರಂದು, ತಮ್ಮ 92ನೇ ವಯಸ್ಸಿನಲ್ಲಿ.

ಚಿತ್ರೀಕರಣದಲ್ಲಿ ಇವರದು ಒಂದು ವಿಚಿತ್ರವಾದ ಕಟ್ಟಳೆ. ಒಂದು ದೃಶ್ಯವನ್ನು ಅಣ್ಣ ನಿರ್ದೇಶಿಸಿದರೆ ಮುಂದಿನದನ್ನು ತಮ್ಮ ನಿರ್ದೇಶಿಸಬೇಕು. ಒಬ್ಬ ಕೆಲಸ ಮಾಡುತ್ತಿರುವಾಗ ಇನ್ನೊಬ್ಬ ನಡುವೆ ಬಾಯಿ ಹಾಕಕೂಡದು. ಏನಿದ್ದರೂ ಮುಂಚೆಯೇ, ಬರವಣಿಗೆಯ ಮೇಜಿನ ಮುಂದೆ ಜಗಳವಾಡಿ ಮುಗಿಸಿಕೊಂಡಿರಬೇಕು. ಇವರ ಚಿತ್ರದಲ್ಲಿ ನಟಿಸಿದ ಮಾರ್ಚೆಲ್ಲೊ ಮಾಸ್ತ್ರೊಯಾನಿ ಯಾರನ್ನು ಯಾವ ಹೆಸರಿನಿಂದ ಕರೆಯುವುದೆಂಬ ಗೊಡವೆಯನ್ನೇ ಬಿಟ್ಟು ಇಬ್ಬರನ್ನೂ 'ಪಾವ್ಲೊವಿಟ್ಟೋರಿಯೊ' ಎಂದು ಕೂಗುತ್ತಿದ್ದರಂತೆ. ತೆರೆಯ ಮೇಲೆ ಚಿತ್ರ ಮೂಡಿದಾಗ ಇದು ಅಣ್ಣನ ದೃಶ್ಯ, ಇದು ತಮ್ಮನದು ಎಂದು ಬೆರಳು ಮಾಡಿ ತೋರಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ಇವರ ಹುಟ್ಟೂರು ತಸ್ಕನಿ ಪ್ರಾಂತದ ಸಾನ್ ಮಿನಿಯಾತೊ. ಪೀಸಾ ಮತ್ತು ಫ್ಲಾರೆನ್ಸ್ ನಗರಗಳ ನಡುವೆ ಗುಡ್ಡದ ಮೇಲೆ ಕುಳಿತ ಪುಟ್ಟ ಪಟ್ಟಣ. ವಿಟ್ಟೋರಿಯೊ 1929ರಲ್ಲಿ ಹುಟ್ಟಿದರು, ಪಾವ್ಲೊ 1931ರಲ್ಲಿ. ತಂದೆ ವಕೀಲರು, ಮುಸ್ಸೊಲಿನಿಯ ಫ್ಯಾಸಿಸ್ಟ್ ಆಡಳಿತವನ್ನು ವಿರೋಧಿಸಿದವರು. ಹುಡುಗರಿಗೆ ಅವರು ಒಪೆರಾದ ರುಚಿ ಹತ್ತಿಸಿದರು. ತಾವಿಯಾನಿಗಳ ಚಿತ್ರಗಳಲ್ಲಿ ಸಂಗೀತಕ್ಕೆ ಇರುವ ದೊಡ್ಡ ಪಾತ್ರದ ಬೇರನ್ನು ಹುಡುಕಿದರೆ ಅದು ಈ ಬಾಲ್ಯದಲ್ಲಿ ಸಿಗುತ್ತದೆ.

ಆದರೆ ಇವರ ಬದುಕಿನ ದಿಕ್ಕನ್ನು ತಿರುಗಿಸಿದ ಸಂಗತಿಗಳು ಎರಡು. ಒಂದು ಸಾವಿನದು, ಇನ್ನೊಂದು ಸಿನಿಮಾದ್ದು.

ಮೊದಲನೆಯದು ನಡೆದದ್ದು 1944ರ ಜುಲೈ 22ರಂದು. ಮಿತ್ರಪಡೆಗಳು ದಕ್ಷಿಣದಿಂದ ಮುಂದೊತ್ತಿ ಬರುತ್ತಿದ್ದವು, ಜರ್ಮನರು ಹಿಂಜರಿಯುತ್ತಿದ್ದರು. ಸಾನ್ ಮಿನಿಯಾತೊದ ಜನ ಪಟ್ಟಣದ ಕಥೀಡ್ರಲ್‌ನಲ್ಲಿ ಸೇರಿದ್ದರು. ಒಂದು ಸ್ಫೋಟ ಆ ಪವಿತ್ರ ಕಟ್ಟಡದೊಳಗೇ ಆಯಿತು. 55 ಮಂದಿ ಸತ್ತರು. ಆಗ ವಿಟ್ಟೋರಿಯೊಗೆ 14 ವರ್ಷ, ಪಾವ್ಲೊಗೆ 12.

ಎರಡನೆಯದು ಯುದ್ಧ ಮುಗಿದ ಮೇಲಿನ ಮಾತು. ಪೀಸಾದಲ್ಲಿ ಓದುತ್ತಿದ್ದ ಇಬ್ಬರೂ ಒಂದು ದಿನ ತರಗತಿಗೆ ಚಕ್ಕರ್ ಹೊಡೆದು ಚಿತ್ರಮಂದಿರಕ್ಕೆ ನುಗ್ಗಿದರು. ಅಲ್ಲಿ ನಡೆಯುತ್ತಿದ್ದುದು ರೊಬರ್ತೊ ರೊಸ್ಸೆಲಿನಿಯ 'ಪಾಯಿಸಾ'. ನೋಡಿ ಬೇಸತ್ತು ಹೊರಬರುತ್ತಿದ್ದ ಪ್ರೇಕ್ಷಕರು ಒಳಗೆ ಹೋಗಬೇಡಿ ಎಂದು ಬುದ್ಧಿ ಹೇಳಿದರಂತೆ. ಹುಡುಗರು ಕೇಳಲಿಲ್ಲ. ತಾವು ಕಣ್ಣಾರೆ ಕಂಡ ಯುದ್ಧ, ತಮ್ಮದೇ ಊರುಕೇರಿಯಂಥ ಜಾಗ, ತಮ್ಮಂಥ ಜನ ತೆರೆಯ ಮೇಲೆ! ಬದುಕಿದ್ದಾಗ ಅರ್ಥವಾಗದೆ ಉಳಿದದ್ದು ಸಿನಿಮಾದಲ್ಲಿ ಅರ್ಥವಾಯಿತು. ಸಿನಿಮಾಕ್ಕೆ ಇಂಥ ಶಕ್ತಿ ಇರುವುದಾದರೆ ನಾವು ಮಾಡಬೇಕಾದದ್ದೂ ಇದನ್ನೇ ಎಂದು ಅವರು ಅಂದೇ ತೀರ್ಮಾನಿಸಿದರು.

ತೀರ್ಮಾನಿಸಿದೊಡನೆ ಕ್ಯಾಮೆರಾ ಕೈಗೆ ಬರುವುದಿಲ್ಲವಷ್ಟೆ. ಸ್ನೇಹಿತ ವಾಲೆಂತೀನೊ ಓರ್ಸಿನಿಯ ಜೊತೆ ನಾಟಕ, ಸಾಕ್ಷ್ಯಚಿತ್ರ ಎಂದು ಹಲವು ವರ್ಷ ಕಳೆದವು. 1954ರಲ್ಲಿ ಮಾಡಿದ ಮೊದಲ ಸಾಕ್ಷ್ಯಚಿತ್ರದ ವಸ್ತು ಆ ಕಥೀಡ್ರಲ್ ದುರಂತವೇ. 'ಬೈಸಿಕಲ್ ಥೀವ್ಸ್' ಖ್ಯಾತಿಯ ಚಿತ್ರಕಥೆಗಾರ ಚೇಸರೆ ಜವಾತ್ತೀನಿ ಅದಕ್ಕೆ ಕೈಜೋಡಿಸಿದರು. ಮೊದಲ ಕಥಾಚಿತ್ರ 'ಸುಡಬೇಕಾದ ಮನುಷ್ಯ' ಬಂದದ್ದು 1962ರಲ್ಲಿ. ಸಿಸಿಲಿಯ ರೈತ ಕಾರ್ಮಿಕರನ್ನು ಸಂಘಟಿಸಿ 1955ರಲ್ಲಿ ಮಾಫಿಯಾದ ಗುಂಡಿಗೆ ಬಲಿಯಾದ ಸಾಲ್ವತೊರೆ ಕಾರ್ನೆವಾಲೆಯ ಬದುಕು ಅದಕ್ಕೆ ಆಧಾರ. ಮುಖ್ಯ ಪಾತ್ರಧಾರಿ ಜಾನ್ ಮರಿಯ ವೊಲೊಂತೆ. ನಾಯಕನನ್ನು ಹುತಾತ್ಮನೆಂದು ಪಟ ಕಟ್ಟಿ ಪೂಜಿಸದೆ ಅವನ ಆತ್ಮರತಿ, ಆಡಂಬರಗಳನ್ನೂ ತೋರಿಸುವ ಎದೆಗಾರಿಕೆ ಆ ಮೊದಲ ಚಿತ್ರದಲ್ಲೇ ಇತ್ತು.

ಮುಂದಿನ ಹತ್ತು ಹನ್ನೆರಡು ವರ್ಷ ಈ ಸೋದರರನ್ನು ಕಾಡಿದ್ದು ಕ್ರಾಂತಿಯ ಕನಸು ಮತ್ತು ಅದರ ಸೋಲು. ಇಬ್ಬರೂ ಎಡಪಂಥೀಯರು. ಆದರೆ ಘೋಷಣೆ ಕೂಗುವ ಚಿತ್ರಗಳನ್ನು ಅವರು ಮಾಡಲಿಲ್ಲ. ಟಾಲ್‌ಸ್ಟಾಯ್‌ನ ಕಥೆಯೊಂದನ್ನು ಆಧರಿಸಿದ 'ಸಂತ ಮೈಕೇಲನ ಹುಂಜ' (1972) ಇದಕ್ಕೆ ಒಳ್ಳೆಯ ಉದಾಹರಣೆ. ಹತ್ತೊಂಬತ್ತನೆಯ ಶತಮಾನದ ಅರಾಜಕತಾವಾದಿಯೊಬ್ಬ ಹತ್ತು ವರ್ಷ ಒಂಟಿ ಸೆರೆಯಲ್ಲಿ ಕಳೆಯುತ್ತಾನೆ. ಹುಚ್ಚು ಹಿಡಿಯದಂತೆ ಕಲ್ಪನೆಯಲ್ಲೇ ಸಂಗಾತಿಗಳ ಸಭೆ ಸೇರಿಸುತ್ತಾನೆ, ವಾದ ಮಾಡುತ್ತಾನೆ, ದಿನಚರಿ ತಪ್ಪದಂತೆ ನಡೆದುಕೊಳ್ಳುತ್ತಾನೆ. ಕೊನೆಗೆ ಬೇರೊಂದು ಸೆರೆಮನೆಗೆ ದೋಣಿಯಲ್ಲಿ ಸಾಗಿಸುವಾಗ ಇನ್ನೊಂದು ದೋಣಿಯಲ್ಲಿ ಹೊಸ ತಲೆಮಾರಿನ ರಾಜಕೀಯ ಕೈದಿಗಳು ಎದುರಾಗುತ್ತಾರೆ. ಅವರಿಗೆ ಈತ ಹಳಸಲು ಸರಕು. ಹತ್ತು ವರ್ಷದ ಏಕಾಂತ ಕೊಲ್ಲಲಾರದವನನ್ನು ತನ್ನವರ ಆ ತಾತ್ಸಾರ ಕೊಲ್ಲುತ್ತದೆ. ಅವನು ನೀರಿಗೆ ಬೀಳುತ್ತಾನೆ. ಚಳವಳಿಗಳಲ್ಲಿ ಕೂದಲು ನೆರೆಯಿಸಿಕೊಂಡ ಯಾರನ್ನಾದರೂ ಆ ದೋಣಿಗಳ ದೃಶ್ಯ ಕಲಕದೆ ಬಿಡದು.

ಇದಾದ ಎರಡು ವರ್ಷಕ್ಕೆ ಮಾಸ್ತ್ರೊಯಾನಿಯ 'ಅಲ್ಲೊನ್ಸಾನ್ಫಾನ್' ಬಂತು. ಕ್ರಾಂತಿಯಿಂದ ಬೇಸತ್ತು ಮನೆಯ ಸುಖಕ್ಕೆ ಮರಳಬಯಸುವವನೊಬ್ಬನ ಕಥೆ ಅದು. ಆದರೂ ಇಟಲಿಯ ಹೊರಗೆ ತಾವಿಯಾನಿಗಳ ಹೆಸರು ಮನೆಮಾತಾಗಿರಲಿಲ್ಲ. ಅದನ್ನು ಮಾಡಿದ್ದು 1977ರ 'ಪಾದ್ರೆ ಪದ್ರೋನೆ', ಅಂದರೆ 'ಅಪ್ಪನೆಂಬ ಒಡೆಯ'.

ಸಾರ್ಡೀನಿಯ ದ್ವೀಪದ ಕುರಿಗಾಹಿಯ ಮಗ ಗವೀನೊ ಲೆದ್ದನ ಆತ್ಮಕಥೆ ಈ ಚಿತ್ರದ ಮೂಲ. ಆರು ವರ್ಷದ ಹುಡುಗ ಶಾಲೆಗೆ ಸೇರಿ ಕೆಲವೇ ವಾರವಾಗಿರುತ್ತದೆ. ಅಪ್ಪ ಬಂದು ಕುರಿ ಕಾಯಲು ಇವನು ಬೇಕೆಂದು ತರಗತಿಯಿಂದಲೇ ಎಳೆದೊಯ್ಯುತ್ತಾನೆ. ಬೆಟ್ಟದ ಹಟ್ಟಿಯಲ್ಲಿ ಮಾತಿಗೊಬ್ಬರಿಲ್ಲ, ಕುರಿಗಳ ಅರಚಾಟ, ಗಾಳಿ, ಅಪ್ಪನ ಬಾರುಕೋಲು, ಇಷ್ಟೇ ಲೋಕ. ಇಪ್ಪತ್ತು ತುಂಬುವ ಹೊತ್ತಿಗೂ ಅವನು ಅನಕ್ಷರಸ್ಥ. ಸೈನ್ಯಕ್ಕೆ ಸೇರಿದ ಮೇಲೆ ಇಟಾಲಿಯನ್ ಭಾಷೆ ಕಲಿಯುತ್ತಾನೆ, ಅಲ್ಲಿಂದ ಲ್ಯಾಟಿನ್, ಗ್ರೀಕ್. ಕೊನೆಗೆ ಭಾಷಾವಿಜ್ಞಾನದಲ್ಲಿ ಪದವಿ! ಕಟ್ಟುಕಥೆಯಾಗಿದ್ದರೆ ಯಾರೂ ನಂಬುತ್ತಿರಲಿಲ್ಲ.

ಈ ಕಥೆಯನ್ನು ಕಣ್ಣೀರ ಕೋಡಿ ಹರಿಸಿ ಹೇಳಬಹುದಿತ್ತು. ತಾವಿಯಾನಿಗಳು ಹಾಗೆ ಮಾಡಲಿಲ್ಲ. ಚಿತ್ರದ ಮೊದಲಲ್ಲಿ ನಿಜವಾದ ಗವೀನೊ ಲೆದ್ದನೇ ತೆರೆಯ ಮೇಲೆ ಬಂದು, ಮರದ ಕೋಲೊಂದನ್ನು ಕೆತ್ತಿ ತನ್ನ ಅಪ್ಪನ ಪಾತ್ರ ವಹಿಸಿರುವ ನಟ ಒಮೆರೊ ಆಂತೊನುತ್ತಿಯ ಕೈಗೆ ಕೊಡುತ್ತಾನೆ. ಅಪ್ಪನ ಕೈಯಲ್ಲಿ ಈ ಕೋಲು ಇದ್ದೇ ಇರುತ್ತಿತ್ತು ಎಂಬಂತೆ. ಹೊಡೆಸಿಕೊಂಡವನೇ ಹೊಡೆಯುವ ಕೋಲನ್ನು ಎತ್ತಿಕೊಡುವ ಈ ಗಳಿಗೆಯಿಂದಲೇ ಪ್ರೇಕ್ಷಕ ಇದು ಆಟ, ಆದರೆ ನಿಜದ ಆಟ ಎಂದು ಎಚ್ಚರಗೊಳ್ಳುತ್ತಾನೆ. ಶಬ್ದದ ಬಳಕೆಯಲ್ಲೂ ಹೊಸತನವಿದೆ. ಬಯಲಿನಲ್ಲಿ ದೂರದಿಂದ ಅಕಾರ್ಡಿಯನ್ ನುಡಿಸುತ್ತ ಬರುವವರ ಸಂಗೀತ ಹುಡುಗನ ಕಿವಿಗೆ ಇಡೀ ವಾದ್ಯವೃಂದದಂತೆ ಬೀಳುತ್ತದೆ. ಎರಡು ಕುರಿಮರಿ ತೆತ್ತು ಅವನು ಆ ಹಳೆಯ ವಾದ್ಯವನ್ನು ಕೊಳ್ಳುತ್ತಾನೆ. ಮೌನದಲ್ಲಿ ಬೆಳೆದವನಿಗೆ ಸ್ವರ ದೊರಕುವುದೆಂದರೆ ಏನು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ.

ಅಪ್ಪನೂ ಇಲ್ಲಿ ರಾಕ್ಷಸನಲ್ಲ. ಅವನ ಕ್ರೌರ್ಯದ ಹಿಂದೆ ಬಡತನವಿದೆ, ಹಿಂದಿನಿಂದ ನಡೆದುಬಂದ ಕ್ರಮವಿದೆ, ತನ್ನ ಅಪ್ಪನಿಂದ ತಾನು ತಿಂದ ಏಟಿನ ನೆನಪಿದೆ. ಕೊನೆಯಲ್ಲಿ ಬೆಳೆದ ಮಗ ಅಪ್ಪನಿಗೆ ಎದುರು ನಿಲ್ಲುತ್ತಾನೆ, ಕೈಕೈ ಮಿಲಾಯಿಸುತ್ತದೆ. ಊರು ಬಿಡುವ ಮುನ್ನ ಮಂಚದ ಕೆಳಗಿನ ಪೆಟ್ಟಿಗೆ ತೆಗೆಯಲು ಮಗ ಬಗ್ಗಿದಾಗ ಅವನ ತಲೆ ಅಪ್ಪನ ತೊಡೆಯ ಬಳಿ ಬರುತ್ತದೆ. ಅಪ್ಪನ ಕೈ ಮೇಲೇಳುತ್ತದೆ. ಅದು ನೇವರಿಸಲೋ, ಹೊಡೆಯಲೋ? ಉತ್ತರ ಆ ಕೈಗೂ ತಿಳಿದಂತಿಲ್ಲ. ಅಪ್ಪಂದಿರೊಡನೆ ಮಾತು ಬೆಳೆಸಲಾಗದ ಎಷ್ಟೋ ಮಕ್ಕಳು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಆ ಕೈಯನ್ನು ಗುರುತಿಸಬಲ್ಲರು.

ಇಟಲಿಯ ದೂರದರ್ಶನ ಸಂಸ್ಥೆ ಆರ್‌ಎಐಗಾಗಿ 16 ಮಿಲಿಮೀಟರ್ ಫಿಲ್ಮಿನಲ್ಲಿ, ಸಣ್ಣ ಖರ್ಚಿನಲ್ಲಿ ತಯಾರಾದ ಚಿತ್ರ ಇದು. ಆ ವರ್ಷದ ಕಾನ್ ಚಿತ್ರೋತ್ಸವದ ತೀರ್ಪುಗಾರರ ಮಂಡಳಿಗೆ ಅಧ್ಯಕ್ಷರಾಗಿದ್ದವರು ಯಾರು ಗೊತ್ತೇ? ರೊಬರ್ತೊ ರೊಸ್ಸೆಲಿನಿ. ಕಿರುತೆರೆಗೆಂದು ತೆಗೆದ ಚಿತ್ರದ ಪರವಾಗಿ ಅವರು ಗಟ್ಟಿಯಾಗಿ ನಿಂತರು. ಉತ್ಸವದ ಅತ್ಯುನ್ನತ ಪ್ರಶಸ್ತಿ 'ಪಾಮ್ ದೋರ್' ತಾವಿಯಾನಿಗಳಿಗೆ ಬಂತು. 'ಪಾಯಿಸಾ' ನೋಡಿ ಮರುಳಾಗಿದ್ದ ಹುಡುಗರಿಗೆ ಅದರ ಕರ್ತೃವೇ ಹಾರ ಹಾಕಿದಂತಾಯಿತು. ಉತ್ಸವ ಮುಗಿದ ಕೆಲವೇ ದಿನಗಳಲ್ಲಿ, ಜೂನ್ 3ರಂದು, ರೊಸ್ಸೆಲಿನಿ ಕಣ್ಣು ಮುಚ್ಚಿದರು.

ಐದು ವರ್ಷಗಳ ನಂತರ ಅಣ್ಣತಮ್ಮ ತಮ್ಮ ಊರಿನ ಗಾಯಕ್ಕೆ ಮರಳಿದರು. 1982ರ 'ಸಂತ ಲೊರೆಂಜೊನ ರಾತ್ರಿ'ಯನ್ನು ಹಲವರು ಇವರ ಶ್ರೇಷ್ಠ ಕೃತಿ ಎನ್ನುತ್ತಾರೆ. ಆಗಸ್ಟ್ 10ರ ಆ ರಾತ್ರಿ ಉಲ್ಕೆಗಳು ಉದುರುತ್ತವೆ, ಬೀಳುವ ಚುಕ್ಕಿಯನ್ನು ನೋಡುತ್ತ ಬೇಡಿಕೊಂಡದ್ದು ನಡೆಯುತ್ತದೆ ಎಂಬುದು ಅಲ್ಲಿಯ ನಂಬಿಕೆ. ತಾಯಿಯೊಬ್ಬಳು ಕಿಟಕಿಯ ಬಳಿ ಕುಳಿತು ಮಗುವಿಗೆ, ತಾನು ಆರು ವರ್ಷದವಳಿದ್ದಾಗ ಕಂಡ ಯುದ್ಧದ ಕಥೆ ಹೇಳುತ್ತಾಳೆ. ಊರಿನ ಹೆಸರು ಚಿತ್ರದಲ್ಲಿ ಸಾನ್ ಮಾರ್ತೀನೊ ಎಂದಾಗಿದೆ. ಕಥೀಡ್ರಲ್‌ನಲ್ಲಿ ಸೇರಿ ಎಂಬ ಮಾತನ್ನು ಕೆಲವರು ನಂಬುತ್ತಾರೆ. ಇನ್ನು ಕೆಲವರು ಗಲ್ವಾನೊ ಎಂಬ ಮುದುಕನ ಹಿಂದೆ ಕತ್ತಲಲ್ಲಿ ಊರು ಬಿಟ್ಟು ಅಮೆರಿಕನ್ನರನ್ನು ಹುಡುಕಿಕೊಂಡು ನಡೆಯುತ್ತಾರೆ.

ಮಗುವಿನ ಕಣ್ಣಿಗೆ ಎಲ್ಲವೂ ಹಬ್ಬದಂತೆ. ಮನೆ ಬಿಟ್ಟು ಬಯಲಲ್ಲಿ ಮಲಗುವುದೆಂದರೆ ಯಾವ ಮಗುವಿಗೆ ಬೇಡ? ಭಯವಾದಾಗ ಅಮ್ಮ ಕಲಿಸಿದ ಪದವೊಂದನ್ನು ಹುಡುಗಿ ಗುನುಗುತ್ತಾಳೆ, ಭಯ ಓಡಿಹೋಗುತ್ತದೆ. ಆದರೆ ಗೋಧಿ ಹೊಲದ ಕಾಳಗ ಬಂದಾಗ ನೋಡುವವರ ಎದೆ ನಡುಗುತ್ತದೆ. ಫ್ಯಾಸಿಸ್ಟರೂ ಅವರನ್ನು ಎದುರಿಸುವ ಹೋರಾಟಗಾರರೂ ಅದೇ ಸೀಮೆಯವರು. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಲೇ ಕೊಲ್ಲುತ್ತಾರೆ. ಬೆಳೆದು ನಿಂತ ಪೈರಿನ ನಡುವೆ ಮೀಸೆ ಮೂಡದ ಹುಡುಗನೊಬ್ಬ ತಂದೆಯ ಕಣ್ಣೆದುರೇ ಸಾಯುತ್ತಾನೆ. ಆ ಹೊತ್ತಿಗೆ ಪುಟ್ಟ ಹುಡುಗಿಯ ಕಲ್ಪನೆಯಲ್ಲಿ ಹಳ್ಳಿಗರು ಪುರಾಣದ ಗ್ರೀಕ್ ವೀರರಾಗಿ ಕವಚ ತೊಟ್ಟು ಶತ್ರುವಿನ ಎದೆಗೆ ಈಟಿಗಳನ್ನು ಎಸೆಯುತ್ತಾರೆ. ಅಜ್ಜಿ ಹೇಳಿದ ಭಾರತದ ಕಥೆಯನ್ನು ಊರಿನ ಜಗಳಕ್ಕೆ ಹೊಂದಿಸಿಕೊಂಡು ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಈ ದೃಶ್ಯ ಪರಕೀಯ ಎನಿಸಲಾರದು. ಕಾನ್‌ನಲ್ಲಿ ಈ ಚಿತ್ರಕ್ಕೆ ತೀರ್ಪುಗಾರರ ವಿಶೇಷ ಪ್ರಶಸ್ತಿ ಸಂದಿತು.

ಈ ಚಿತ್ರಕ್ಕೆ ಒಂದು ನೋವಿನ ಬಾಲಂಗೋಚಿಯೂ ಇದೆ. ಕಥೀಡ್ರಲ್‌ನಲ್ಲಿ ಸಿಡಿದದ್ದು ಜರ್ಮನರ ಕೃತ್ಯವೆಂದು ಊರು ದಶಕಗಳ ಕಾಲ ನಂಬಿತ್ತು. ಗೋಡೆಯ ಮೇಲಿನ ಸ್ಮಾರಕ ಫಲಕವೂ ಅದನ್ನೇ ಹೇಳುತ್ತಿತ್ತು, ಸೋದರರ ಸಾಕ್ಷ್ಯಚಿತ್ರ ಮತ್ತು ಕಥಾಚಿತ್ರಗಳೂ ಅದನ್ನೇ ಹೇಳಿದವು. ಆದರೆ ದಾಖಲೆಗಳನ್ನು ಜಾಲಾಡಿದ ಇತಿಹಾಸಕಾರರು ಬೇರೆ ತೀರ್ಮಾನಕ್ಕೆ ಬಂದರು. ಒಳಗೆ ಬಿದ್ದದ್ದು ಬಿಡುಗಡೆ ಮಾಡಲು ಬರುತ್ತಿದ್ದ ಅಮೆರಿಕನ್ನರದೇ ಫಿರಂಗಿ ಗುಂಡು! 2008ರಲ್ಲಿ ಈ ತೀರ್ಮಾನವನ್ನು ಹೇಳುವ ಎರಡನೆಯ ಫಲಕ ಬಂತು.

ಹಾಗಾದರೆ ಚಿತ್ರ ಸುಳ್ಳಾಯಿತೇ? ಇದು ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಕೊಂದವರು ಯಾರೆಂಬುದು ಸತ್ತ 55 ಮಂದಿಯ ಮನೆಯವರಿಗೆ ಸಣ್ಣ ಸಂಗತಿ ಆಗಲಾರದು. ಹೆಸರಾಂತ ಕಲಾವಿದರು ಕಟ್ಟಿಕೊಟ್ಟ ಚಿತ್ರ ಜನರ ಮನಸ್ಸಿನಲ್ಲಿ ದಾಖಲೆಗಿಂತ ಆಳವಾಗಿ ಬೇರೂರುತ್ತದೆ ಎಂಬ ಅಪಾಯವೂ ಉಂಟು. ಒಂದು ಮಾತು ಮಾತ್ರ ಹೇಳಬಹುದು. ಈ ಚಿತ್ರ ತನಿಖೆಯ ವರದಿಯೆಂದು ಸೋಗು ಹಾಕುವುದಿಲ್ಲ. ಇದು ಆರು ವರ್ಷದವಳ ನೆನಪು, ಅದಕ್ಕೆ ಊರಿನ ನೆನಪು ಸೇರಿದೆ ಎಂದು ಮೊದಲ ದೃಶ್ಯದಲ್ಲೇ ಹೇಳಿಬಿಡುತ್ತದೆ. ಗೋಧಿ ಹೊಲದಲ್ಲಿ ನೆರೆಯವರೇ ನೆರೆಯವರನ್ನು ಕೊಂದ ಸತ್ಯವನ್ನು ಯಾವ ಹೊಸ ಫಲಕವೂ ಅಳಿಸಿಲ್ಲ.

1984ರ 'ಕಾವೊಸ್' ಪಿರಾಂದೆಲ್ಲೊನ ಕಥೆಗಳ ಗುಚ್ಛ. ಕೊರಳಿಗೆ ಗಂಟೆ ಕಟ್ಟಿಸಿಕೊಂಡ ಕಾಗೆಯೊಂದು ಸಿಸಿಲಿಯ ಬೆಂಗಾಡಿನ ಮೇಲೆ ಹಾರುತ್ತ ಕಥೆಯಿಂದ ಕಥೆಗೆ ನಮ್ಮನ್ನು ಒಯ್ಯುತ್ತದೆ. ಕೊನೆಯಲ್ಲಿ ಮುದುಕನಾದ ಪಿರಾಂದೆಲ್ಲೊ ಖಾಲಿ ಮನೆಗೆ ಬಂದು ಸತ್ತ ತಾಯಿಯೊಡನೆ ಮಾತಾಡುತ್ತಾನೆ. ಅವಳ ಬಾಲ್ಯದ ನೆನಪಿನಲ್ಲಿ ಮಕ್ಕಳು ಬಿಳಿಯ ಗುಡ್ಡದಿಂದ ಜಾರಿ ಜಾರಿ ನೀಲಿ ಕಡಲಿಗೆ ಬೀಳುತ್ತಾರೆ. ನಿಕೋಲ ಪಿಯೊವಾನಿಯ ಸಂಗೀತದೊಡನೆ ಆ ದೃಶ್ಯವನ್ನು ಒಮ್ಮೆ ನೋಡಿದವರು ಮರೆಯಲಾರರು.

1987ರ 'ಗುಡ್ ಮಾರ್ನಿಂಗ್ ಬ್ಯಾಬಿಲೋನ್'ನಲ್ಲಿ ಮಾತ್ರ ಸೋದರರು ತಮ್ಮ ಕಥೆಯನ್ನೇ ಬೇರೆ ವೇಷದಲ್ಲಿ ಹೇಳಿಕೊಂಡಂತಿದೆ. ತಸ್ಕನಿಯ ಹಳೆಯ ಚರ್ಚುಗಳನ್ನು ದುರಸ್ತಿ ಮಾಡುವ ಶಿಲ್ಪಿಯ ಇಬ್ಬರು ಮಕ್ಕಳು ಅಮೆರಿಕಕ್ಕೆ ಹೋಗಿ, ಡಿ. ಡಬ್ಲ್ಯು. ಗ್ರಿಫಿತ್‌ನ 'ಇಂಟಾಲರೆನ್ಸ್' ಚಿತ್ರದ ಆನೆಗಳನ್ನು ರೂಪಿಸುತ್ತಾರೆ. ಸದಾ ಸರಿಸಮಾನರಾಗಿರಿ ಎಂಬುದು ಅಪ್ಪ ಅವರಿಗೆ ಕೊಟ್ಟ ಕಟ್ಟಪ್ಪಣೆ. ಆದರೆ ಒಬ್ಬನ ಹೆಂಡತಿ ಹೆರಿಗೆಯಲ್ಲಿ ಸಾಯುತ್ತಾಳೆ, ಇನ್ನೊಬ್ಬನ ಹೆಂಡತಿ ಬದುಕಿರುತ್ತಾಳೆ. ಸಮಾನತೆ ಮುರಿದುಬೀಳುತ್ತದೆ. ಮೊದಲ ಮಹಾಯುದ್ಧದ ರಣರಂಗದಲ್ಲಿ ಮತ್ತೆ ಸಂಧಿಸಿದ ಅವರು ಸಾಯುವ ಮುನ್ನ ಕ್ಯಾಮೆರಾದಿಂದ ಒಬ್ಬರ ಚಿತ್ರವನ್ನು ಒಬ್ಬರು ತೆಗೆದುಕೊಳ್ಳುತ್ತಾರೆ. ಚಿತ್ರ ಅಲ್ಲಲ್ಲಿ ಭಾವುಕತೆಗೆ ಜಾರುತ್ತದೆ, ನಿಜ. ಆದರೂ ಅಣ್ಣತಮ್ಮಂದಿರ ಬಾಂಧವ್ಯ ಎಷ್ಟು ನಾಜೂಕಿನ ತಕ್ಕಡಿ ಎಂಬುದನ್ನು ಬಲ್ಲವರೇ ಅದನ್ನು ತೆಗೆಯಲು ಸಾಧ್ಯ.

ಆಮೇಲಿನ ವರ್ಷಗಳು ಅಷ್ಟು ಉಜ್ವಲವಲ್ಲ. ಟಾಲ್‌ಸ್ಟಾಯ್, ಗಯಟೆ ಎಂದು ದೊಡ್ಡವರ ಕೃತಿಗಳನ್ನು ತೆರೆಗೆ ತಂದರು, ಕಿರುತೆರೆಗೂ ಕೆಲಸ ಮಾಡಿದರು. ತಾವಿಯಾನಿಗಳ ಕಾಲ ಮುಗಿಯಿತು ಎಂದು ವಿಮರ್ಶಕರು ಷರಾ ಬರೆಯುವ ಹೊತ್ತಿಗೆ, 2012ರಲ್ಲಿ, 'ಸೀಸರ್ ಸಾಯಲೇಬೇಕು' ಬಂತು. ಅಣ್ಣನಿಗೆ 82, ತಮ್ಮನಿಗೆ 80.

ರೋಮ್ ನಗರದ ರೆಬೀಬಿಯ ಸೆರೆಮನೆಯ ಬಿಗಿ ಭದ್ರತೆಯ ವಿಭಾಗದಲ್ಲಿ ಕೈದಿಗಳು ಷೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ಆಡುತ್ತಾರೆ. ಅವರಲ್ಲಿ ಕೊಲೆಗಡುಕರಿದ್ದಾರೆ, ಮಾಫಿಯಾದವರಿದ್ದಾರೆ. ಪಾತ್ರಕ್ಕೆ ಆಯ್ಕೆ ಮಾಡುವಾಗ ಪ್ರತಿಯೊಬ್ಬನೂ ತನ್ನ ಹೆಸರು, ಊರು, ತಂದೆಯ ಹೆಸರನ್ನು ಎರಡು ಸಲ ಹೇಳಬೇಕು. ಒಮ್ಮೆ ಹೆಂಡತಿಯನ್ನು ಅಗಲುವವನಂತೆ ಅಳುತ್ತ, ಇನ್ನೊಮ್ಮೆ ಸಿಟ್ಟಿನಿಂದ. ಅದೊಂದೇ ದೃಶ್ಯಕ್ಕೆ ಇಡೀ ಚಿತ್ರ ನೋಡಬಹುದು. ನೇಪಲ್ಸ್‌ನವನು ನೇಪಲ್ಸ್‌ನ ಮಾತಿನಲ್ಲಿ, ಸಿಸಿಲಿಯವನು ಸಿಸಿಲಿಯ ಮಾತಿನಲ್ಲಿ ಷೇಕ್ಸ್‌ಪಿಯರನನ್ನು ನುಡಿಯುತ್ತಾರೆ. ಒಳಸಂಚು, ಮಿತ್ರದ್ರೋಹ, ಹತ್ಯೆ, ಮರ್ಯಾದೆ ಎಂಬ ಮಾತುಗಳು ಅವರ ಬಾಯಲ್ಲಿ ಬಾಯಿಪಾಠದ ಸಂಭಾಷಣೆಯಾಗಿ ಉಳಿಯುವುದಿಲ್ಲ. ತಾಲೀಮಿನ ಭಾಗವೆಲ್ಲ ಕಪ್ಪು ಬಿಳುಪು, ರಂಗದ ಮೇಲಿನ ಪ್ರದರ್ಶನಕ್ಕೆ ಮಾತ್ರ ಬಣ್ಣ. ನಾಟಕ ಮುಗಿದು ಚಪ್ಪಾಳೆ ನಿಂತ ಮೇಲೆ ಒಬ್ಬೊಬ್ಬನೂ ತನ್ನ ಕೋಣೆಗೆ ಮರಳುತ್ತಾನೆ, ಬಾಗಿಲು ಮುಚ್ಚುತ್ತದೆ. ಕಲೆಯ ಪರಿಚಯವಾದ ಮೇಲೆಯೇ ಈ ಕೋಣೆ ತನಗೆ ಸೆರೆಯಾಯಿತು ಎಂದು ಕ್ಯಾಸಿಯಸ್ ಪಾತ್ರಧಾರಿ ಹೇಳಿಕೊಳ್ಳುತ್ತಾನೆ. ಬರ್ಲಿನ್ ಚಿತ್ರೋತ್ಸವದ 'ಸ್ವರ್ಣ ಕರಡಿ' ಈ ಚಿತ್ರಕ್ಕೆ ಬಂತು. ಹುಲುಗಪ್ಪ ಕಟ್ಟೀಮನಿಯವರು ಮೈಸೂರು ಕಾರಾಗೃಹದ ಕೈದಿಗಳಿಂದ 'ಮ್ಯಾಕ್‌ಬೆತ್'ನ ಕನ್ನಡ ರೂಪವನ್ನು ಆಡಿಸಿದ್ದು ಬಲ್ಲ ಕನ್ನಡದ ರಂಗಪ್ರಿಯರಿಗೆ ಆ ಮಾತಿನ ಭಾರವೇನೆಂದು ವಿವರಿಸಬೇಕಾಗಿಲ್ಲ.

2017ರ 'ಒಂದು ಖಾಸಗಿ ವಿಷಯ' ಇಬ್ಬರ ಹೆಸರಿನ ಕೊನೆಯ ಚಿತ್ರ. ಬರೆದದ್ದು ಜೊತೆಯಾಗಿ. ಚಿತ್ರೀಕರಣಕ್ಕೆ ಬರಲು ಮಾತ್ರ ವಿಟ್ಟೋರಿಯೊಗೆ ಆರೋಗ್ಯ ಬಿಡಲಿಲ್ಲ. ಒಂದು ದೃಶ್ಯ ನನ್ನದು, ಮುಂದಿನದು ನಿನ್ನದು ಎಂಬ ಸರದಿ ಅಲ್ಲಿಗೆ ನಿಂತಿತು. ಮರುವರ್ಷ ಅಣ್ಣ ತೀರಿಕೊಂಡರು.

ತಮ್ಮ ಸುಮ್ಮನೆ ಕೂರಲಿಲ್ಲ. 90 ದಾಟಿದ ಪಾವ್ಲೊ 2022ರಲ್ಲಿ 'ಲೆಯೊನೋರ ಅದ್ದೀಯೊ' ಚಿತ್ರವನ್ನು ಬರ್ಲಿನ್‌ಗೆ ತಂದರು. 1936ರಲ್ಲಿ ತೀರಿಕೊಂಡ ಪಿರಾಂದೆಲ್ಲೊನ ಚಿತಾಭಸ್ಮ ಯುದ್ಧಾನಂತರ ರೋಮ್‌ನಿಂದ ಸಿಸಿಲಿಯ ತವರಿಗೆ ಹೊರಟು, ದಾರಿಯುದ್ದಕ್ಕೂ ನಾನಾ ಪೇಚಿಗೆ ಸಿಕ್ಕುವ ಕಥೆ ಅದು. ಅಣ್ಣತಮ್ಮ ಹಿಂದೆಯೇ 'ಕಾವೊಸ್' ಕಾಲದಲ್ಲಿ ಯೋಚಿಸಿ ಕೈಬಿಟ್ಟಿದ್ದ ವಸ್ತು. ಬೂದಿಯನ್ನು ಊರಿಗೆ ಮುಟ್ಟಿಸುವ ಆ ಕೆಲಸವನ್ನು ತಮ್ಮ ಒಬ್ಬನೇ ಪೂರೈಸಿದ. ಸಹಿಯ ಜಾಗದಲ್ಲಿ ಈ ಸಲ ಒಂದೇ ಹೆಸರು. ಇನ್ನೊಂದು ಹೆಸರನ್ನು ಪಾವ್ಲೊ ಅರ್ಪಣೆಯ ಜಾಗದಲ್ಲಿ ಬರೆದರು: ಅಣ್ಣ ವಿಟ್ಟೋರಿಯೊಗೆ.